ಲಿಮಿಟ್ಸ್: ಮೊದಲು "ಎಕ್ಸ್ 2 ಅಲ್ಲ" ಅಂತ ಹೇಳಿ, ಆಮೇಲೆ 2 ಹಾಕೋದು ಮೋಸ ಅಲ್ವಾ?

ಛೇದಸೊನ್ನೆ

ನಮಗೆ ಕ್ಯಾಲ್ಕುಲಸ್ ಈಗಷ್ಟೇ ಶುರುವಾಗಿದೆ. ಲಿಮಿಟ್ ಲೆಕ್ಕಗಳಿಗೆ ಉತ್ತರ ಬರುತ್ತದೆ. ಅರ್ಥ ಮಾತ್ರ ಆಗುತ್ತಿಲ್ಲ.

ಈ ಲೆಕ್ಕ ನೋಡಿ. ಎಕ್ಸ್ → 2 ಆದಾಗ (ಎಕ್ಸ್² − 4) / (ಎಕ್ಸ್ − 2) ಎಷ್ಟು? ನೇರವಾಗಿ 2 ಹಾಕಿದರೆ 0/0. ಅದಕ್ಕೆ ಅಂಶವನ್ನು (ಎಕ್ಸ್ − 2)(ಎಕ್ಸ್ + 2) ಅಂತ ಒಡೆಯುತ್ತೇವೆ. ಮೇಲೆ ಕೆಳಗೆ ಎಕ್ಸ್ − 2 ಹೊಡೆದು ಹಾಕುತ್ತೇವೆ. ಉಳಿದ ಎಕ್ಸ್ + 2 ರಲ್ಲಿ 2 ಹಾಕುತ್ತೇವೆ. ಉತ್ತರ 4.

ಹೊಡೆದು ಹಾಕುವಾಗ "ಎಕ್ಸ್ 2 ಅಲ್ಲ, ಹಾಗಾಗಿ ಭಾಗಿಸಬಹುದು" ಅನ್ನುತ್ತಾರೆ. ಮುಂದಿನ ಸಾಲಿನಲ್ಲೇ ಎಕ್ಸ್ = 2 ಹಾಕುತ್ತಾರೆ. ಎರಡರಲ್ಲಿ ಯಾವುದು ನಿಜ? ಕ್ಲಾಸಲ್ಲಿ ಕೇಳಿದರೆ "ಅದು ಹಾಗೇ, ರೂಢಿಯಾಗುತ್ತೆ" ಅಂತ ಉತ್ತರ ಬಂತು. ಮಾರ್ಕ್ಸ್ ಬರುತ್ತಿದೆ, ಆದರೆ ಸಮಾಧಾನ ಇಲ್ಲ.

ಇನ್ನೊಂದು ಪ್ರಶ್ನೆ. ಕೊನೆಗೂ ಎಕ್ಸ್ 2 ಅನ್ನು ಮುಟ್ಟುತ್ತದೋ ಇಲ್ಲವೋ?

ರಾತ್ರಿಓದು

ಪರೀಕ್ಷೆಗೆ ಇಷ್ಟೆಲ್ಲ ಬೇಡ. ಒಡೆಯಿರಿ, ಹೊಡೆದು ಹಾಕಿ, ಬೆಲೆ ಹಾಕಿ. ಮುಂದಿನ ಲೆಕ್ಕ.

ಹಳೆಮೇಷ್ಟ್ರು

ರಾತ್ರಿಓದು, ಸ್ವಲ್ಪ ತಾಳಿ. ಪ್ರಶ್ನೆ ಸಣ್ಣದಲ್ಲ. ಇದೇ ಆಕ್ಷೇಪವನ್ನು 1734 ರಲ್ಲಿ ಜಾರ್ಜ್ ಬರ್ಕ್ಲಿ ಎತ್ತಿದ್ದರು. ಅವರು ಗಣಿತದವರಲ್ಲ, ತತ್ವಶಾಸ್ತ್ರದವರು, ಬಿಷಪ್ ಕೂಡ. ಆಗ ನ್ಯೂಟನ್, ಲೈಬ್ನಿಟ್ಸ್ ಇಬ್ಬರ ಕ್ಯಾಲ್ಕುಲಸ್ ಭರ್ಜರಿಯಾಗಿ ಓಡುತ್ತಿತ್ತು. ಗ್ರಹಗಳ ಲೆಕ್ಕ ಸರಿಯಾಗಿ ಬರುತ್ತಿತ್ತು. ಬರ್ಕ್ಲಿ ಕೇಳಿದ್ದು ಒಂದೇ ಮಾತು. ಎಕ್ಸ್² ಎಷ್ಟು ವೇಗದಲ್ಲಿ ಬದಲಾಗುತ್ತದೆ ಅಂತ ಹುಡುಕಲು ಎಚ್ ಅನ್ನುವ ಚಿಕ್ಕ ಹೆಚ್ಚಳ ತಗೊಳ್ಳುತ್ತೀರಿ. ((ಎಕ್ಸ್ + ಎಚ್)² − ಎಕ್ಸ್²) / ಎಚ್ ಅಂತ ಬರೆದು, ಎಚ್ ನಿಂದ ಭಾಗಿಸಿ 2ಎಕ್ಸ್ + ಎಚ್ ಮಾಡುತ್ತೀರಿ. ಆಮೇಲೆ ಎಚ್ ಇಲ್ಲವೇ ಇಲ್ಲ ಅಂತ ಅದನ್ನು ಬಿಟ್ಟು 2ಎಕ್ಸ್ ಅನ್ನುತ್ತೀರಿ. ಎಚ್ ಸೊನ್ನೆಯಾಗಿದ್ದರೆ ಭಾಗಿಸಿದ್ದು ತಪ್ಪು. ಸೊನ್ನೆಯಲ್ಲದಿದ್ದರೆ ಬಿಟ್ಟಿದ್ದು ತಪ್ಪು. ಸತ್ತುಹೋದ ಪರಿಮಾಣಗಳ ದೆವ್ವಗಳು ಅಂತ ಅವರು ಅಣಕಿಸಿದ್ದು ಇದನ್ನೇ.

ಈ ಮಾತಿಗೆ ಗಟ್ಟಿ ಉತ್ತರ ಸಿಗಲು ನೂರು ವರ್ಷ ಹತ್ತಿರ ಬೇಕಾಯಿತು. ನಿಮಗೆ ಒಂದು ಪೀರಿಯಡ್‌ನಲ್ಲಿ ಹೊಳೆಯಲಿಲ್ಲ ಅಂದರೆ ಬೇಸರ ಬೇಡ.

ಈಗ ನಿಮ್ಮ ಲೆಕ್ಕ. ಇಲ್ಲಿ ಒಂದಲ್ಲ, ಎರಡು ಫಂಕ್ಷನ್ ಇವೆ.

ಮೊದಲನೆಯದು (ಎಕ್ಸ್² − 4) / (ಎಕ್ಸ್ − 2). ಇದಕ್ಕೆ ಎಕ್ಸ್ = 2 ರಲ್ಲಿ ಬೆಲೆಯೇ ಇಲ್ಲ. ಎರಡನೆಯದು ಎಕ್ಸ್ + 2. ಇದಕ್ಕೆ ಎಲ್ಲ ಕಡೆ ಬೆಲೆ ಇದೆ. ಗ್ರಾಫ್ ಬರೆದರೆ ಎರಡೂ ಒಂದೇ ನೇರ ಗೆರೆ. ಮೊದಲನೆಯದರಲ್ಲಿ ಮಾತ್ರ (2, 4) ಜಾಗದಲ್ಲಿ ಒಂದು ಬಿಂದು ಖಾಲಿ.

ಎಕ್ಸ್ → 2 ಲಿಮಿಟ್ ಅಂದರೆ 2 ರ ಸುತ್ತಮುತ್ತ ಫಂಕ್ಷನ್ ಏನು ಮಾಡುತ್ತಿದೆ ಅನ್ನುವ ಪ್ರಶ್ನೆ. 2 ರಲ್ಲಿ ಏನಿದೆ ಅಂತ ಅದು ಕೇಳುವುದೇ ಇಲ್ಲ. ಆ ಜಾಗ ಖಾಲಿ ಇರಲಿ, 4 ಇರಲಿ, ಯಾರೋ ಸುಮ್ನೆ 100 ಅಂತ ಬರೆದಿಟ್ಟಿರಲಿ, ಲಿಮಿಟ್‌ಗೆ ಏನೂ ವ್ಯತ್ಯಾಸ ಇಲ್ಲ. 2 ಬಿಟ್ಟು ಉಳಿದ ಎಲ್ಲ ಕಡೆ ಎರಡು ಫಂಕ್ಷನ್‌ಗಳೂ ಒಂದೇ. ಹಾಗಾಗಿ ಅವುಗಳ ಲಿಮಿಟ್ ಕೂಡ ಒಂದೇ. ಕ್ಯಾನ್ಸಲ್ ಮಾಡುವ ಸಾಲಿಗೆ ಇಷ್ಟೇ ಕಾರಣ.

ಮುಂದಿನ ಸಾಲಿಗೆ ಕಾರಣ ಬೇರೆ. ಎಕ್ಸ್ + 2 ನಿರಂತರ ಫಂಕ್ಷನ್. ನಿರಂತರ ಅಂದರೆ ಅಲ್ಲಿ ಲಿಮಿಟ್ ಮತ್ತು ಬೆಲೆ ಎರಡೂ ಸಮ. ಆದ್ದರಿಂದ ಅದರ ಲಿಮಿಟ್ ಬೇಕಾದರೆ ಬೆಲೆ ನೋಡಿದರೆ ಸಾಕು. ನೀವು 2 ಹಾಕಿದ್ದು ಎರಡನೇ ಫಂಕ್ಷನ್‌ಗೆ. ಮೊದಲನೆಯದಕ್ಕೆ ಯಾವತ್ತೂ ಹಾಕಲೇ ಇಲ್ಲ.

ಎರಡು ಸಾಲಿಗೆ ಎರಡು ಕಾರಣ. ಪುಸ್ತಕಗಳು ಎರಡನ್ನೂ ನುಂಗಿ ನಡುವೆ ಬರೀ ಸಮಚಿಹ್ನೆ ಹಾಕುತ್ತವೆ. ನೀವು ಮೋಸ ಅಂದುಕೊಂಡಿದ್ದು ಹುಟ್ಟಿದ್ದು ಅಲ್ಲಿ.

ಗ್ರಾಫ್‌ಪೇಪರ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. "ಲಿಮಿಟ್" ಅನ್ನುವ ಮೂರು ಅಕ್ಷರ ಪ್ರತಿ ಸಾಲಿನಲ್ಲೂ ಬರೆಯಿರಿ, ಬೆಲೆ ಹಾಕುವ ಸಾಲಿನವರೆಗೂ. ಅರ್ಧ ಕ್ಲಾಸ್ ಅದನ್ನು ಮೊದಲ ಸಾಲಿನಲ್ಲಿ ಬರೆದು ಆಮೇಲೆ ಮರೆತುಬಿಡುತ್ತದೆ. ಬಿಟ್ಟರೆ (ಎಕ್ಸ್² − 4)/(ಎಕ್ಸ್ − 2) = 4 ಅಂತ ಬರೆದ ಹಾಗಾಯಿತು. ಅದು ಸುಳ್ಳು. ಎಕ್ಸ್ 5 ಆದರೆ ಅದು 7.

ಮತ್ತೆ, 0/0 ಬಂದ ಕಡೆಯೆಲ್ಲ ಹೀಗೆ ಸಲೀಸಾಗಿ ಖಾಲಿ ಬಿಂದು ಸಿಗುತ್ತದೆ ಅಂದುಕೊಳ್ಳಬೇಡಿ. |ಎಕ್ಸ್| / ಎಕ್ಸ್ ನೋಡಿ, ಎಕ್ಸ್ → 0. ಬಲಗಡೆಯಿಂದ ಬಂದರೆ ಯಾವಾಗಲೂ 1. ಎಡಗಡೆಯಿಂದ ಬಂದರೆ ಯಾವಾಗಲೂ −1. ಎರಡೂ ಒಪ್ಪುತ್ತಿಲ್ಲ, ಹಾಗಾಗಿ ಲಿಮಿಟ್ ಇಲ್ಲ. ಸರಾಸರಿ ತೆಗೆದು 0 ಅಂತ ಬರೆಯುವವರನ್ನು ನೋಡಿದ್ದೇನೆ!

1/ಎಕ್ಸ್² ಇನ್ನೊಂದು ತರಹ. ಎರಡೂ ಕಡೆಯಿಂದ ಮೇಲಕ್ಕೆ ಹಾರುತ್ತದೆ. ಉತ್ತರ ಅನಂತ ಅಂತ ಬರೆಯುತ್ತೇವೆ ನಿಜ. ಆದರೆ ಅನಂತ ಸಂಖ್ಯೆ ಅಲ್ಲ. ಲಿಮಿಟ್ ಇಲ್ಲ, ಇಲ್ಲದಿರುವುದು ಈ ರೀತಿಯಲ್ಲಿ ಅಂತ ಅದರ ಅರ್ಥ.

ಛೇದಸೊನ್ನೆ

ಎರಡು ಫಂಕ್ಷನ್ ಅನ್ನುವುದು ತಲೆಗೆ ಹೋಯಿತು, ಥ್ಯಾಂಕ್ಸ್. ಕ್ಯಾಲ್ಕುಲೇಟರ್‌ನಲ್ಲೂ ನೋಡಿದೆ. 1.9 ಹಾಕಿದರೆ 3.9, 1.99 ಹಾಕಿದರೆ 3.99, 2.001 ಹಾಕಿದರೆ 4.001. ಹಾಗಾದರೆ ಯಾವ ಲಿಮಿಟ್ ಬಂದರೂ ಹೀಗೆ ಟೇಬಲ್ ಮಾಡಿ ಊಹಿಸಬಹುದಲ್ಲ? ಒಡೆಯುವ ಗೋಜೇ ಇಲ್ಲ.

ಬೈನರಿ

ಟೇಬಲ್ ಒಳ್ಳೆಯದೇ, ಆದರೆ ಅದನ್ನು ನಂಬಬೇಡಿ. ಸೈನ್(ಪೈ / ಎಕ್ಸ್) ತಗೊಳ್ಳಿ, ಎಕ್ಸ್ → 0, ರೇಡಿಯನ್‌ನಲ್ಲಿ. ಎಕ್ಸ್ = 0.1 ಹಾಕಿದರೆ ಸೈನ್(10 ಪೈ) = 0. 0.01 ಹಾಕಿದರೆ ಸೈನ್(100 ಪೈ) = 0. 0.001 ಗೂ 0. ಟೇಬಲ್ ನೋಡಿದವರು ಕಣ್ಣುಮುಚ್ಚಿ ಲಿಮಿಟ್ 0 ಅನ್ನುತ್ತಾರೆ.

ಈಗ ಎಕ್ಸ್ = 2/5, 2/9, 2/13, 2/17 ಹಾಕಿ. ಇವೂ ಸೊನ್ನೆಯ ಕಡೆಗೇ ಹೋಗುತ್ತಿವೆ. ಪ್ರತಿ ಸಲ ಬರುವುದು 1. ಲಿಮಿಟ್ ಇಲ್ಲವೇ ಇಲ್ಲ. ಸೊನ್ನೆಗೆ ಹತ್ತಿರ ಹೋದಷ್ಟೂ ಆ ಗ್ರಾಫ್ 1 ಮತ್ತು −1 ರ ನಡುವೆ ಇನ್ನೂ ಜೋರಾಗಿ ಕುಣಿಯುತ್ತದೆ. 0.1, 0.01, 0.001 ಅನ್ನುವ ನಮ್ಮ ಆಯ್ಕೆ ಆ ಕುಣಿತದ ಸೊನ್ನೆಗಳ ಮೇಲೇ ಕಾಲಿಟ್ಟಿತು, ಅಷ್ಟೇ.

ಇದು ಫಂಕ್ಷನ್‌ನ ತರಲೆ. ಇನ್ನು ಕ್ಯಾಲ್ಕುಲೇಟರ್‌ನ ತರಲೆ. (1 − ಕಾಸ್ ಎಕ್ಸ್) / ಎಕ್ಸ್², ಎಕ್ಸ್ → 0. 0.1 ಕ್ಕೆ 0.49958 ಬರುತ್ತದೆ. 0.01 ಕ್ಕೆ 0.499996. ಸರಿಯಾದ ದಾರಿ, ಉತ್ತರ 1/2. "ಇನ್ನೂ ಹತ್ತಿರ ಹೋಗೋಣ" ಅಂತ 0.000000001 ಹಾಕಿದರೆ ಒಮ್ಮೆಲೇ 0 ಬರುತ್ತದೆ! ಕಾರಣ ಸರಳ. ಆ ಜಾಗದಲ್ಲಿ ಕಾಸ್ ಎಕ್ಸ್ 1 ಕ್ಕಿಂತ ಎಷ್ಟು ಕಡಿಮೆ ಅಂದರೆ, ವ್ಯತ್ಯಾಸ ಶುರುವಾಗುವುದೇ ದಶಾಂಶದ 19ನೇ ಸ್ಥಾನದಲ್ಲಿ. ಕಂಪ್ಯೂಟರ್ ಸಾಮಾನ್ಯವಾಗಿ 15, 16 ಅಂಕಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಕಾಸ್ ಎಕ್ಸ್ ಅನ್ನು 1 ಅಂತಲೇ ಓದುತ್ತದೆ. 1 − 1 = 0. ಕಥೆ ಮುಗಿಯಿತು.

ಕೈಯಲ್ಲಿ ಮಾಡಿದರೆ ಈ ಕಾಟ ಇಲ್ಲ. ಮೇಲೆ ಕೆಳಗೆ (1 + ಕಾಸ್ ಎಕ್ಸ್) ನಿಂದ ಗುಣಿಸಿ. ಅಂಶದಲ್ಲಿ 1 − ಕಾಸ್² ಎಕ್ಸ್, ಅಂದರೆ ಸೈನ್² ಎಕ್ಸ್. ಈಗ (ಸೈನ್ ಎಕ್ಸ್ / ಎಕ್ಸ್)² × 1 / (1 + ಕಾಸ್ ಎಕ್ಸ್). ಮೊದಲ ಭಾಗ 1 ಕ್ಕೆ ಹೋಗುತ್ತದೆ, ಎರಡನೆಯದು 1/2 ಕ್ಕೆ.

ಹಾಂ, ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದ್ದರೆ ಸೈನ್ ಎಕ್ಸ್ / ಎಕ್ಸ್ 1 ರ ಬದಲು 0.01745 ತೋರಿಸುತ್ತದೆ. ಅದು ಪೈ / 180. ಯಂತ್ರ ಕೆಟ್ಟಿಲ್ಲ, ಮೋಡ್ ನೋಡಿ.

ರಾತ್ರಿಓದು

ಇಷ್ಟು ಸರ್ಕಸ್ ಯಾಕೆ? ಎಲ್‌ಒಪಿಟಾಲ್ ನಿಯಮ ಹಾಕಿ. ಅಂಶವನ್ನು ಬೇರೆ, ಛೇದವನ್ನು ಬೇರೆ ಡಿಫರೆನ್ಷಿಯೇಟ್ ಮಾಡಿ, ಅಂದರೆ ಪ್ರತಿಯೊಂದರ ಡೆರಿವೇಟಿವ್ (ಬದಲಾಗುವ ವೇಗ) ತಗೊಳ್ಳಿ. ಸೈನ್ ಎಕ್ಸ್ / ಎಕ್ಸ್ ಇದ್ದದ್ದು ಕಾಸ್ ಎಕ್ಸ್ / 1 ಆಯಿತು. ಸೊನ್ನೆ ಹಾಕಿ, 1. ಎರಡು ಸಾಲು.

ಅರ್ಧವೃತ್ತ

ಆ ಎರಡು ಸಾಲಿನಲ್ಲಿ ಒಂದು ಸುತ್ತು ಅಡಗಿದೆ. ಸೈನ್ ಎಕ್ಸ್‌ನ ಡೆರಿವೇಟಿವ್ ಕಾಸ್ ಎಕ್ಸ್ ಅಂತ ನಿಮಗೆ ಹೇಗೆ ಗೊತ್ತು? ಅದನ್ನು ಸಾಧಿಸುವಾಗ ಸೈನ್ ಎಚ್ / ಎಚ್ → 1 ಅನ್ನುವುದನ್ನೇ ಬಳಸುತ್ತೇವೆ. ಅದನ್ನು ಸಾಧಿಸಲು ಡೆರಿವೇಟಿವ್ ಬಳಸಿದರೆ ನಿಮ್ಮ ಜಾಮೀನಿಗೆ ನೀವೇ ಸಹಿ ಹಾಕಿದ ಹಾಗೆ.

ನೇರ ದಾರಿ ಚಿತ್ರದಲ್ಲಿದೆ. ತ್ರಿಜ್ಯ 1 ಇರುವ ವೃತ್ತ ಬರೆಯಿರಿ. ಕೇಂದ್ರದಲ್ಲಿ ಎಕ್ಸ್ ರೇಡಿಯನ್‌ನ ಚಿಕ್ಕ ಕೋನ. ಮೂರು ಆಕಾರಗಳು ಒಂದರೊಳಗೆ ಒಂದು ಕೂರುತ್ತವೆ. ಒಳಗಿನ ತ್ರಿಕೋನದ ವಿಸ್ತೀರ್ಣ ½ ಸೈನ್ ಎಕ್ಸ್. ಅದಕ್ಕಿಂತ ದೊಡ್ಡದು ವೃತ್ತದ ತುಂಡು, ½ ಎಕ್ಸ್. ಅದನ್ನೂ ಒಳಗೊಂಡ ಹೊರಗಿನ ತ್ರಿಕೋನ ½ ಟ್ಯಾನ್ ಎಕ್ಸ್. ಅಂದರೆ ಸೈನ್ ಎಕ್ಸ್ < ಎಕ್ಸ್ < ಟ್ಯಾನ್ ಎಕ್ಸ್. ಇದನ್ನು ಸ್ವಲ್ಪ ತಿರುಗಿಸಿ ಬರೆದರೆ:

ಕಾಸ್ ಎಕ್ಸ್ < ಸೈನ್ ಎಕ್ಸ್ / ಎಕ್ಸ್ < 1

ಎಕ್ಸ್ ಸೊನ್ನೆಗೆ ಹೋದಾಗ ಕಾಸ್ ಎಕ್ಸ್ 1 ಕ್ಕೆ ಹೋಗುತ್ತದೆ. ನಡುವೆ ಸಿಕ್ಕಿಬಿದ್ದದ್ದಕ್ಕೆ ಬೇರೆ ದಾರಿ ಇಲ್ಲ, ಅದೂ 1. ಎಕ್ಸ್ ಋಣವಾದರೂ ಸೈನ್ ಎಕ್ಸ್ / ಎಕ್ಸ್ ಬೆಲೆ ಬದಲಾಗುವುದಿಲ್ಲ, ಎಡಗಡೆಯೂ ಮುಗಿಯಿತು. ತುಂಡಿನ ವಿಸ್ತೀರ್ಣ ½ ಎಕ್ಸ್ ಆಗುವುದು ರೇಡಿಯನ್‌ನಲ್ಲಿ ಮಾತ್ರ. ಬೈನರಿ ಹೇಳಿದ ಪೈ / 180 ನುಸುಳುವುದು ಇಲ್ಲೇ.

ನಿಯಮವನ್ನು ಕುರುಡಾಗಿ ಹಾಕಿದರೆ ಇನ್ನೂ ಅಪಾಯ ಇದೆ. ಎಕ್ಸ್ → 0 ಆದಾಗ (ಎಕ್ಸ್ + 1) / (ಎಕ್ಸ್ + 2) ಎಷ್ಟು? ಸುಮ್ನೆ 0 ಹಾಕಿದರೆ 1/2. ಡಿಫರೆನ್ಷಿಯೇಟ್ ಮಾಡಿದರೆ 1/1 = 1. ತಪ್ಪು. 0/0 ಅಥವಾ ಅನಂತ/ಅನಂತ ಇಲ್ಲದ ಕಡೆ ನಿಯಮ ನಡೆಯುವುದಿಲ್ಲ.

ಇನ್ನೊಂದು, ಇದು ನನಗೆ ಬಹಳ ಇಷ್ಟ. ಎಕ್ಸ್ → ಅನಂತ, (ಎಕ್ಸ್ + ಸೈನ್ ಎಕ್ಸ್) / ಎಕ್ಸ್. ಅನಂತ/ಅನಂತ, ಎಲ್ಲ ಸರಿ ಇದೆ. ಡಿಫರೆನ್ಷಿಯೇಟ್ ಮಾಡಿದರೆ 1 + ಕಾಸ್ ಎಕ್ಸ್. ಅದು 0 ಮತ್ತು 2 ರ ನಡುವೆ ಓಲಾಡುತ್ತಲೇ ಇರುತ್ತದೆ, ಎಲ್ಲೂ ನಿಲ್ಲುವುದಿಲ್ಲ. ಹಾಗಂತ "ಲಿಮಿಟ್ ಇಲ್ಲ" ಅಂತ ಬರೆದರೆ ಮಾರ್ಕ್ಸ್ ಹೋಯಿತು. ಭಾಗಿಸಿ ನೋಡಿ, 1 + ಸೈನ್ ಎಕ್ಸ್ / ಎಕ್ಸ್. ಎರಡನೇ ತುಂಡು ಸೊನ್ನೆಗೆ ಇಳಿಯುತ್ತದೆ. ಉತ್ತರ 1. ಹೊಸ ಲಿಮಿಟ್ ಇದ್ದರೆ ಹಳೆಯದೂ ಅದೇ, ಅಷ್ಟು ಮಾತ್ರ ನಿಯಮ ಹೇಳುತ್ತದೆ. ಹೊಸದು ಇಲ್ಲದಿದ್ದರೆ ಅದು ಬಾಯಿಬಿಡುವುದಿಲ್ಲ.

ಅಂದಹಾಗೆ, ಆ ನಿಯಮ ಕಂಡುಹಿಡಿದದ್ದು ಯೋಹಾನ್ ಬರ್ನೂಲಿ. ಎಲ್‌ಒಪಿಟಾಲ್ ಶ್ರೀಮಂತ. ವರ್ಷಕ್ಕೆ ಇಷ್ಟು ಅಂತ ದುಡ್ಡು ಕೊಟ್ಟು ಬರ್ನೂಲಿಯ ಶೋಧನೆಗಳನ್ನು ತಗೊಳ್ಳುತ್ತಿದ್ದರು. 1696 ರಲ್ಲಿ ತಮ್ಮ ಪುಸ್ತಕದಲ್ಲಿ ಹಾಕಿದರು. ಹೆಸರು ಅವರದ್ದೇ ಉಳಿಯಿತು.

ರಾತ್ರಿಓದು

ಅವರು ದುಡ್ಡು ಕೊಟ್ಟಿದ್ದಾರೆ, ನಾನು ಬಿಟ್ಟಿ ಬಳಸುತ್ತೇನೆ. ಆದರೆ ಆ ಓಲಾಡುವ ಲೆಕ್ಕ ಗೊತ್ತಿರಲಿಲ್ಲ. ಬರೆದಿಟ್ಟುಕೊಂಡೆ.

ಛೇದಸೊನ್ನೆ

ಟೇಬಲ್ ಸಾಕ್ಷಿ ಅಲ್ಲ ಅಂತಾಯಿತು. ಹಾಗಾದರೆ ಲಿಮಿಟ್ ಅಂದರೆ ನಿಖರವಾಗಿ ಏನು? ಪುಸ್ತಕದಲ್ಲಿ "ಎಕ್ಸ್ ಹತ್ತಿರ ಹತ್ತಿರ ಹೋದಂತೆ ಫಂಕ್ಷನ್ ಒಂದು ಸಂಖ್ಯೆಗೆ ಹತ್ತಿರ ಹತ್ತಿರ ಹೋಗುತ್ತದೆ" ಅಂತಿದೆ. ಎಕ್ಸ್² ತಗೊಂಡೆ, ಎಕ್ಸ್ → 0. ಅದು 0 ಕ್ಕೆ ಹತ್ತಿರ ಬರುತ್ತಿದೆ, ಸರಿ. ಆದರೆ ಅದು −1 ಕ್ಕೂ ಹತ್ತಿರ ಬರುತ್ತಲೇ ಇದೆಯಲ್ಲ? 0.25 ಕ್ಕಿಂತ 0.01 ಅನ್ನುವುದು −1 ಕ್ಕೆ ಹತ್ತಿರ. 0.0001 ಇನ್ನೂ ಹತ್ತಿರ. ಹಾಗಾದರೆ ಲಿಮಿಟ್ −1 ಯಾಕಲ್ಲ?

ಬೈನರಿ

ಒಳ್ಳೆ ಪೆಟ್ಟು ಕೊಟ್ಟಿರಿ. ಮೇಷ್ಟ್ರೇ, ನಿಮ್ಮ ಸರದಿ.

ಹಳೆಮೇಷ್ಟ್ರು

ಈ ಪ್ರಶ್ನೆ ತಾನಾಗಿ ಕೇಳಿಕೊಂಡವರಿಗೆ ಎಪ್ಸಿಲಾನ್-ಡೆಲ್ಟಾ ಹೇಳುವುದು ಸುಲಭ. ಕೇಳದವರಿಗೆ ಹೇಳುವುದು ಕಷ್ಟ, ಯಾಕೆಂದರೆ ಅದು ಯಾವ ರೋಗಕ್ಕೆ ಮದ್ದು ಅಂತ ಅವರಿಗೆ ಗೊತ್ತಿರುವುದಿಲ್ಲ.

"ಹತ್ತಿರ ಹೋಗುತ್ತದೆ" ಅಂದರೆ ಸಾಲದು. "ನೀವು ಕೇಳಿದಷ್ಟು ಹತ್ತಿರ" ಬರಬೇಕು. ಸವಾಲು ಹಾಕುವವರು ನೀವು. ಉತ್ತರ ಕೊಡಬೇಕಾದವನು ನಾನು.

ಎಕ್ಸ್² ನ ಲಿಮಿಟ್ 0 ಅಂತ ನಾನು ಹೇಳುತ್ತೇನೆ. ನೀವು ಕೇಳುತ್ತೀರಿ, "0 ಯಿಂದ 0.01 ಕ್ಕಿಂತ ಕಡಿಮೆ ದೂರದಲ್ಲಿ ಇಡುತ್ತೀರಾ?" ಆಗಲಿ, ಎಕ್ಸ್ ಅನ್ನು 0 ಯಿಂದ 0.1 ರ ಒಳಗಿಡಿ. "0.000001 ರ ಒಳಗೆ?" ಎಕ್ಸ್ ಅನ್ನು 0.001 ರ ಒಳಗಿಡಿ. ನೀವು ಎಷ್ಟು ಬಿಗಿ ಮಾಡಿದರೂ ನನ್ನ ಬಳಿ ಉತ್ತರ ಇದೆ.

ಈಗ ನೀವು ಲಿಮಿಟ್ −1 ಅನ್ನಿ, ಸವಾಲು ನಾನು ಹಾಕುತ್ತೇನೆ. "−1 ರಿಂದ 0.5 ರ ಒಳಗೆ ತನ್ನಿ." ಆಗುವುದೇ ಇಲ್ಲ. ಎಕ್ಸ್² ಸೊನ್ನೆಗಿಂತ ಕೆಳಗೆ ಇಳಿಯುವುದಿಲ್ಲ. −1 ರಿಂದ ಕನಿಷ್ಠ 1 ರಷ್ಟು ದೂರದಲ್ಲೇ ಇರುತ್ತದೆ. ಒಂದು ಸವಾಲಿಗೆ ಸೋತರೂ ಸೋಲು.

ನೀವು ಹಾಕುವ ಬಿಗಿಯ ಹೆಸರು ಎಪ್ಸಿಲಾನ್. ನಾನು ಉತ್ತರವಾಗಿ ಕೊಡುವ ದೂರದ ಹೆಸರು ಡೆಲ್ಟಾ. ಎಪ್ಸಿಲಾನ್ ಮೊದಲು, ಡೆಲ್ಟಾ ಆಮೇಲೆ. ಈ ಕ್ರಮ ತಿರುವುಮುರುವಾದರೆ ಎಲ್ಲ ಕೆಟ್ಟಿತು. ಸವಾಲು ಕೇಳುವ ಮೊದಲೇ ಉತ್ತರ ಕೊಡಲು ಆಗುವುದಿಲ್ಲ, ಅಲ್ವಾ?

ಒಂದು ಲೆಕ್ಕ ಮಾಡಿಬಿಡೋಣ. ಎಕ್ಸ್ → 2 ಆದಾಗ 3ಎಕ್ಸ್ + 1 → 7. ದೂರ ನೋಡಿ: |3ಎಕ್ಸ್ + 1 − 7| = 3|ಎಕ್ಸ್ − 2|. ಇದು ಎಪ್ಸಿಲಾನ್‌ಗಿಂತ ಕಡಿಮೆ ಇರಬೇಕಾದರೆ |ಎಕ್ಸ್ − 2| ಎಪ್ಸಿಲಾನ್ / 3 ಕ್ಕಿಂತ ಕಡಿಮೆ ಇದ್ದರೆ ಸಾಕು. ಡೆಲ್ಟಾ = ಎಪ್ಸಿಲಾನ್ / 3. ನೀವು 0.03 ಅಂದರೆ ನಾನು 0.01 ಅನ್ನುತ್ತೇನೆ. ಅಷ್ಟೇ ಸಾಧನೆ.

ಎಕ್ಸ್ → 3, ಎಕ್ಸ್² → 9 ಸ್ವಲ್ಪ ಜಾಸ್ತಿ ಕೆಲಸ. ದೂರ |ಎಕ್ಸ್ − 3| × |ಎಕ್ಸ್ + 3|. ಎರಡನೆಯದು ಬದಲಾಗುತ್ತಿರುತ್ತದೆ, ಅದೇ ತೊಂದರೆ. ಅದನ್ನು ಮೊದಲು ಕಟ್ಟಿಹಾಕಿ. ಎಕ್ಸ್ 2 ಮತ್ತು 4 ರ ನಡುವೆ ಇರಲಿ ಅಂತ ಷರತ್ತು ಹಾಕಿದರೆ ಎಕ್ಸ್ + 3 ಅನ್ನುವುದು 7 ಕ್ಕಿಂತ ಕಡಿಮೆ. ಹಾಗಾಗಿ ಡೆಲ್ಟಾ ಅಂದರೆ 1 ಮತ್ತು ಎಪ್ಸಿಲಾನ್ / 7, ಇವೆರಡರಲ್ಲಿ ಚಿಕ್ಕದು.

ಈಗ ನಿಮ್ಮ ಮೊದಲ ದಿನದ ಇನ್ನೊಂದು ಪ್ರಶ್ನೆ, ಎಕ್ಸ್ ಮುಟ್ಟುತ್ತದೋ ಇಲ್ಲವೋ. ಈ ಸವಾಲು-ಉತ್ತರದಲ್ಲಿ ಏನೂ ಚಲಿಸುತ್ತಿಲ್ಲ, ಗಮನಿಸಿ. ಬರೀ ದೂರಗಳ ಹೋಲಿಕೆ ಇದೆ. "0 < |ಎಕ್ಸ್ − 2|" ಅಂತ ಶುರುವಿನಲ್ಲೇ ಬರೆಯುತ್ತೇವೆ, ಅಂದರೆ ಎಕ್ಸ್ = 2 ಲೆಕ್ಕಕ್ಕೇ ಇಲ್ಲ. ಆದರೆ ಫಂಕ್ಷನ್ ತನ್ನ ಲಿಮಿಟ್ ಅನ್ನು ಮುಟ್ಟಬಾರದು ಅಂತ ಎಲ್ಲೂ ಇಲ್ಲ. ಯಾವಾಗಲೂ 5 ಆಗಿರುವ ಫಂಕ್ಷನ್‌ನ ಲಿಮಿಟ್ 5. ಎಕ್ಸ್ × ಸೈನ್(1/ಎಕ್ಸ್) ಸೊನ್ನೆಯ ಹತ್ತಿರ ಲೆಕ್ಕವಿಲ್ಲದಷ್ಟು ಸಲ 0 ಆಗುತ್ತದೆ, ಲಿಮಿಟ್ ಕೂಡ 0.

ಗಣಿತಜ್ಞ ಕೋಶಿ 1821 ರ ತಮ್ಮ ಪುಸ್ತಕದಲ್ಲಿ ಇದನ್ನು ಹೆಚ್ಚಾಗಿ ಮಾತಿನಲ್ಲೇ ಹೇಳಿದ್ದರು. ಇವತ್ತು ನಾವು ಬರೆಯುವ ಬಿಗಿಯಾದ ರೂಪ ಬಂದದ್ದು ವಯರ್‌ಸ್ಟ್ರಾಸ್ ಅವರ ಪಾಠಗಳಿಂದ. ಬರ್ಕ್ಲಿಯ ದೆವ್ವಗಳು ಓಡಿಹೋದದ್ದು ಆವಾಗ.

ಗ್ರಾಫ್‌ಪೇಪರ್

ಮೇಷ್ಟ್ರ ಮೇಲೆ ಗೌರವ ಇದೆ, ಆದರೂ ಇದನ್ನು ಹೈಸ್ಕೂಲ್‌ನಲ್ಲಿ ತುರುಕುವುದಕ್ಕೆ ನನ್ನ ವಿರೋಧ ಇದೆ. ಛೇದಸೊನ್ನೆ ತರಹದವರಿಗೆ ಸರಿ. ಬಹಳ ಜನ ಡೆಲ್ಟಾ = ಎಪ್ಸಿಲಾನ್ / 3 ಅಂತ ಬಾಯಿಪಾಠ ಮಾಡಿ ಬರುತ್ತಾರೆ. ಅದರಿಂದ ಅವರಿಗೆ ಸಿಕ್ಕಿದ್ದು ಇನ್ನೊಂದು ಸೂತ್ರ, ಅಷ್ಟೇ. ಕ್ಯಾಲ್ಕುಲಸ್ ಬೆಳೆಸಿದವರೇ ಇದಿಲ್ಲದೆ ನೂರೈವತ್ತು ವರ್ಷ ಕೆಲಸ ಮಾಡಿದರು. ಗ್ರಾಫ್ ನೋಡಿ, ಎಡ ಬಲ ನೋಡಿ, ಡೆರಿವೇಟಿವ್‌ಗೆ ಹೋಗಿ. ಬಿಗಿ ಆಮೇಲೆ ಬರಲಿ.

ಹಳೆಮೇಷ್ಟ್ರು

ಚಿಹ್ನೆಗಳನ್ನು ಬಿಡಿ, ಒಪ್ಪಿದೆ. ಆದರೆ ಸವಾಲು-ಉತ್ತರ ಅನ್ನುವ ಆಲೋಚನೆ ಬಿಡಬೇಡಿ. ಅದಿಲ್ಲದೆ −1 ಪ್ರಶ್ನೆಗೆ ನಿಮ್ಮ ಗ್ರಾಫ್ ಏನು ಉತ್ತರ ಕೊಡುತ್ತದೆ?

ಗ್ರಾಫ್‌ಪೇಪರ್

ಗೆರೆ −1 ನ್ನು ಮುಟ್ಟುವ ಹತ್ತಿರಕ್ಕೂ ಬರುವುದಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಮಗುವಿಗೂ ಕಾಣುತ್ತದೆ.

ಬೈನರಿ

ಸೈನ್(ಪೈ / ಎಕ್ಸ್) ಗ್ರಾಫ್ ಸೊನ್ನೆಯ ಹತ್ತಿರ ಸ್ಕ್ರೀನ್ ಮೇಲೆ ಬರೀ ಮಸಿ ಬಳಿದ ಹಾಗೆ ಕಾಣುತ್ತದೆ. ಅಲ್ಲಿ ಕಣ್ಣಿಗೆ ಏನು ಕಾಣುತ್ತದೆ ಅಂತ ಮಗುವನ್ನು ಕೇಳಿ ಹೇಳಿ.

ಅರ್ಧವೃತ್ತ

ಜಗಳ ಸಾಕು. ಲೆಕ್ಕಕ್ಕೆ ಬನ್ನಿ. ಪರೀಕ್ಷೆಯಲ್ಲಿ ಜನ ಎಡವುವುದು ಎಪ್ಸಿಲಾನ್‌ನಲ್ಲಿ ಅಲ್ಲ, ಬೀಜಗಣಿತದಲ್ಲಿ.

ವರ್ಗಮೂಲ ಕಂಡರೆ ಜೋಡಿಯಿಂದ ಗುಣಿಸಿ. ಎಕ್ಸ್ → 0, (√(ಎಕ್ಸ್ + 9) − 3) / ಎಕ್ಸ್. ಮೇಲೆ ಕೆಳಗೆ √(ಎಕ್ಸ್ + 9) + 3 ನಿಂದ ಗುಣಿಸಿದರೆ ಅಂಶದಲ್ಲಿ ಎಕ್ಸ್ ಮಾತ್ರ ಉಳಿಯುತ್ತದೆ, ಛೇದದ ಎಕ್ಸ್ ಜೊತೆ ಹೋಗುತ್ತದೆ. ಉತ್ತರ 1/6. ಛೇದವನ್ನು ಬಿಡಿಸಿ ಗುಣಿಸಲು ಹೋಗಬೇಡಿ, ಹಾಗೇ ಇಡಿ.

ಅನಂತದ ಕಡೆಗೆ ಹೋಗುವಾಗ ದೊಡ್ಡ ಘಾತದಿಂದ ಭಾಗಿಸಿ. (3ಎಕ್ಸ್² + 5ಎಕ್ಸ್) / (2ಎಕ್ಸ್² − 7) ಇದ್ದರೆ 3/2. ಇದು ಎಲ್ಲರಿಗೂ ಬರುತ್ತದೆ.

ಎಲ್ಲರಿಗೂ ಬಾರದಿರುವುದು √(ಎಕ್ಸ್² + 6ಎಕ್ಸ್) − ಎಕ್ಸ್. ಅನಂತದಿಂದ ಅನಂತ ಕಳೆದರೆ ಸೊನ್ನೆ ಅಂತ ಬರೆದು ಎದ್ದು ಹೋಗುತ್ತಾರೆ. ಎಕ್ಸ್ = 100 ಹಾಕಿ ನೋಡಿ, 2.956. 1000 ಹಾಕಿ, 2.9955. ಜೋಡಿಯಿಂದ ಗುಣಿಸಿದರೆ 6ಎಕ್ಸ್ / (√(ಎಕ್ಸ್² + 6ಎಕ್ಸ್) + ಎಕ್ಸ್). ಎಕ್ಸ್‌ನಿಂದ ಭಾಗಿಸಿ, 6/2 = 3.

ಕೊನೆಯ ಹಳ್ಳ: √(ಎಕ್ಸ್² + 1) / ಎಕ್ಸ್, ಎಕ್ಸ್ → ಋಣ ಅನಂತ. 1 ಅಂತ ಬರೆಯುತ್ತಾರೆ. √ಎಕ್ಸ್² ಅಂದರೆ ಎಕ್ಸ್ ಅಲ್ಲ, |ಎಕ್ಸ್|. ಎಕ್ಸ್ ಋಣ ಆದಾಗ ಅದು −ಎಕ್ಸ್. ಉತ್ತರ −1. ಮೇಲಿನದು ಧನ, ಕೆಳಗಿನದು ಋಣ, ಉತ್ತರ ಧನ ಹೇಗಾದೀತು?

ರಾತ್ರಿಓದು

0.999… = 1 ಹೌದೋ ಅಲ್ಲವೋ, ಅದನ್ನೂ ಯಾರಾದರೂ ಹೇಳಿಬಿಡಿ.

ಬೈನರಿ

ಹೌದು. 0.9, 0.99, 0.999 ಸಾಲಿನ ಲಿಮಿಟ್‌ಗೇ ಆ ಚುಕ್ಕಿಗಳು ಅಂತ ಹೆಸರು. ಲಿಮಿಟ್ 1. ದಯವಿಟ್ಟು ಇದನ್ನು ಇಲ್ಲಿ ಬೆಳೆಸಬೇಡಿ, ಈ ಚರ್ಚೆ ಯಾವತ್ತೂ ಮುಗಿಯುವುದಿಲ್ಲ.

ಛೇದಸೊನ್ನೆ

ಅರ್ಧವೃತ್ತ ಕೊಟ್ಟ ಎಲ್ಲ ಮಾಡಿದೆ, ಬಂತು. ಒಂದು ಹೊಸ ಗೊಂದಲ. ಎನ್ → ಅನಂತ, (1 + 1/ಎನ್) ರ ಘಾತ ಎನ್. ಆವರಣದ ಒಳಗಿರುವುದು 1 ಕ್ಕೆ ಹೋಗುತ್ತದೆ. 1 ಅನ್ನು ಎಷ್ಟು ಸಲ ಗುಣಿಸಿದರೂ 1. ಆದರೆ ಪುಸ್ತಕದಲ್ಲಿ 2.718 ಅಂತಿದೆ.

ಬೈನರಿ

ನೀವು ಒಳಗಿನ ಎನ್ ಅನ್ನು ಅನಂತಕ್ಕೆ ಓಡಿಸಿ, ಹೊರಗಿನ ಎನ್ ಅನ್ನು ಕಾಯಲು ಹೇಳಿದಿರಿ. ಇಬ್ಬರೂ ಒಂದೇ ಎನ್, ಒಟ್ಟಿಗೇ ಓಡಬೇಕು. ಒಳಗಿನದು 1 ಕ್ಕಿಂತ ಚೂರು ಜಾಸ್ತಿ ಇದೆ, ಆದರೆ ಆ ಚೂರು ಎನ್ ಸಲ ಗುಣಾಕಾರ ಆಗುತ್ತಿದೆ. ಎನ್ = 10 ಕ್ಕೆ 2.5937, 100 ಕ್ಕೆ 2.7048, 1000 ಕ್ಕೆ 2.7169.

ಯಾರು ಗೆಲ್ಲುತ್ತಾರೆ ಅನ್ನುವುದು ಆ ಚೂರಿನ ಗಾತ್ರದ ಮೇಲೆ ನಿಂತಿದೆ. ಒಳಗೆ 1/ಎನ್² ಇಟ್ಟು ಘಾತ ಎನ್ ಇಟ್ಟರೆ ಲಿಮಿಟ್ 1. ಒಳಗೆ 1/ಎನ್ ಇಟ್ಟು ಘಾತ ಎನ್² ಇಟ್ಟರೆ ಅನಂತಕ್ಕೆ ಹಾರುತ್ತದೆ. ಮೂರೂ "1 ರ ಘಾತ ಅನಂತ", ಮೂರು ಬೇರೆ ಉತ್ತರ. 0/0 ಕೂಡ ಹೀಗೇ. ಅದು ಉತ್ತರ ಅಲ್ಲ, ಇನ್ನೂ ಲೆಕ್ಕ ಮುಗಿದಿಲ್ಲ ಅನ್ನುವ ಸೂಚನೆ.

ಈ ಸಂಖ್ಯೆಯನ್ನು ಮೊದಲು ಎದುರಿಸಿದ್ದು ಯಾಕೋಬ್ ಬರ್ನೂಲಿ, 1683 ರಲ್ಲಿ, ಚಕ್ರಬಡ್ಡಿಯ ಲೆಕ್ಕ ಮಾಡುವಾಗ. ಮೇಲೆ ಬಂದ ಯೋಹಾನ್‌ನ ಅಣ್ಣ. ವರ್ಷಕ್ಕೆ ನೂರಕ್ಕೆ ನೂರು ಬಡ್ಡಿ ಇದ್ದು, ಅದನ್ನು ವರ್ಷಕ್ಕೊಮ್ಮೆ ಬದಲು ಕ್ಷಣಕ್ಷಣಕ್ಕೂ ಸೇರಿಸಿದರೂ ವರ್ಷದ ಕೊನೆಗೆ 1 ರೂಪಾಯಿ ಅನಂತ ಆಗುವುದಿಲ್ಲ, 2 ಮತ್ತು 3 ರ ನಡುವೆ ಎಲ್ಲೋ ನಿಲ್ಲುತ್ತದೆ ಅಂತ ಅವರು ಕಂಡರು.

ಕಂಪ್ಯೂಟರ್‌ನಲ್ಲಿ ಎನ್ ಜಾಗದಲ್ಲಿ 1 ರ ಮುಂದೆ 16 ಸೊನ್ನೆ ಹಾಕಿ ನೋಡಿ. ಸಾಮಾನ್ಯವಾಗಿ 1 ಅಂತ ಬರುತ್ತದೆ. ಯಾಕೆ ಅಂತ ಈಗ ನೀವೇ ಹೇಳಬಹುದು.

ಛೇದಸೊನ್ನೆ

1 + 1/ಎನ್ ಅನ್ನು ಅದು 1 ಅಂತ ಓದುತ್ತದೆ, ಅಂಕಿ ಸಾಲದೆ.

ಇನ್ನೊಂದು ಮಾಡಿ ನೋಡಿದೆ, ಸರಿಯಾ ಹೇಳಿ. |ಎಕ್ಸ್| ಗೆ 0 ಯಲ್ಲಿ ಡೆರಿವೇಟಿವ್. |ಎಚ್| / ಎಚ್ ಬರುತ್ತದೆ, ಬಲಕ್ಕೆ 1, ಎಡಕ್ಕೆ −1. ಲಿಮಿಟ್ ಇಲ್ಲ, ಹಾಗಾಗಿ ಡೆರಿವೇಟಿವ್ ಇಲ್ಲ. ಅಂದರೆ ಡೆರಿವೇಟಿವ್ ಅನ್ನುವುದೇ ಒಂದು 0/0 ಲಿಮಿಟ್, ಪ್ರತಿ ಸಲವೂ?

ಅರ್ಧವೃತ್ತ

ಫಂಕ್ಷನ್ ನಿರಂತರ ಇದ್ದ ಕಡೆ ಪ್ರತಿ ಸಲವೂ. ನಿರಂತರ ಇಲ್ಲದ ಕಡೆ ಡೆರಿವೇಟಿವ್ ಕೇಳುವ ಹಾಗೇ ಇಲ್ಲ. ಈಗ ಎಕ್ಸ್ × |ಎಕ್ಸ್| ಮಾಡಿ, ಅದೇ 0 ಯಲ್ಲಿ. ಮೂಲೆ ಇದೆಯೋ ಇಲ್ಲವೋ ಮೊದಲು ಊಹಿಸಿ, ಆಮೇಲೆ ಲೆಕ್ಕ.

ಛೇದಸೊನ್ನೆ

ಮೂಲೆ ಇದೆ ಅಂತ ಊಹಿಸಿದ್ದೆ. ಎಚ್|ಎಚ್| / ಎಚ್ = |ಎಚ್|, ಅದು ಎರಡೂ ಕಡೆಯಿಂದ 0 ಕ್ಕೆ ಹೋಗುತ್ತದೆ. ಡೆರಿವೇಟಿವ್ ಇದೆ, 0. ಗ್ರಾಫ್ ಬರೆದು ನೋಡಿದರೆ ಅಲ್ಲಿ ನುಣುಪಾಗೇ ಇದೆ.

ಗ್ರಾಫ್‌ಪೇಪರ್

ಎಲ್ಲ ಕಡೆಯ ಡೆರಿವೇಟಿವ್ ಸೇರಿಸಿ ಬರೆದರೆ 2|ಎಕ್ಸ್| ಬರುತ್ತದೆ. ಅದನ್ನು ಇನ್ನೊಂದು ಸಲ ಡಿಫರೆನ್ಷಿಯೇಟ್ ಮಾಡಲು ಹೋಗಿ, ನೀವು ಊಹಿಸಿದ ಮೂಲೆ ಅಲ್ಲಿ ಸಿಗುತ್ತದೆ.